ಕಾರ್ಡ್ ನಂಬರ್ ನೂರ ಹದಿನೆಂಟು

ಮೇಲ್ಹೊರೆ ಹಟ್ಟಿ, ಎಮರಾಲ್ಡ್ ಅಂಚೆ, ನೀಲಗಿರಿ
೩ ಅಕ್ಟೋಬರ್ ೨೦೨೪

ಗಾಯತ್ರಿ ಮೇಡಂ ಅವರಿಗೆ,

ವಿತ್ ರೆಫರೆನ್ಸ್ ಟು ಯುವರ್ ಫಾರಂ ಎಂದು ಶುರುಮಾಡಿದೆ. ಮುಂದಿನದು ನೆನಪಾಗದೆ ಒಂದು ಹಾಳೆ ಹರಿದೆ. ಮೈಸೂರಿನಲ್ಲಿ ಬಿ.ಎ. ಎರಡು ವರ್ಷ ಓದಿದವನು ನಾನು. ಇಂಗ್ಲಿಷ್ ಅಲ್ಲಿಯೇ ಉಳಿಯಿತು, ಕನ್ನಡ ಮಾತ್ರ ನನ್ನ ಜೊತೆ ಬೆಟ್ಟ ಹತ್ತಿತು. ನೀವು ಮೈಸೂರಿನವರಾದ್ದರಿಂದ ಕನ್ನಡದಲ್ಲೇ ಬರೆಯುತ್ತೇನೆ. ಈಮೇಲ್ ಬೇಡ. ಅದು ಫ್ಯಾಕ್ಟರಿ ಆಫೀಸಿನ ಕಂಪ್ಯೂಟರಿಗೆ ಬರುತ್ತದೆ, ನನಗಿಂತ ಮೊದಲು ಹತ್ತು ಜನ ಓದುತ್ತಾರೆ.

ನಿಮ್ಮ ಫಾರಂನಲ್ಲಿ ನಲವತ್ತೆರಡು ಪ್ರಶ್ನೆ. ಹೆಸರು ಸುರೇಂದ್ರನ್, ವಯಸ್ಸು ಅರವತ್ತೆಂಟು, ಹೊಲ ಒಂದು ಎಕರೆ, ಪೂರಾ ಹಳೆ ಬೀಜದ ಟೀ ಗಿಡ, ಹೆಂಡತಿ ರಂಗಿ ತೀರಿಕೊಂಡು ಎರಡು ವರ್ಷ. ಇಷ್ಟು ಸುಲಭ. ಹನ್ನೊಂದನೆಯದರಲ್ಲಿ ನಿಂತೆ: ‘ನಿಮ್ಮ ಸಂಸ್ಥೆಯ ಬಿಸಿನೆಸ್ ಸ್ಟ್ರಾಟಜಿ ಏನು?’

ನಿಜ ಹೇಳುತ್ತೇನೆ. ನಮ್ಮದು ಒಂಬತ್ತು ಹಟ್ಟಿಗಳ ಸಣ್ಣ ಬೆಳೆಗಾರರು ಸೇರಿ ನಡೆಸುವ ಸಹಕಾರಿ ಟೀ ಫ್ಯಾಕ್ಟರಿ. ಹಟ್ಟಿಗೊಬ್ಬ ಡೈರೆಕ್ಟರ್, ನಮ್ಮ ಹಟ್ಟಿಗೆ ನಾನು. ಯಾರ ಎಲೆಯನ್ನೂ ನಾವು ವಾಪಸ್ ಕಳಿಸುವುದಿಲ್ಲ. ಎಲೆ ವಾಪಸ್ ಹೋದ ಮನೆಯವರು ಮುಂದಿನ ಚುನಾವಣೆಯಲ್ಲಿ ಓಟು ಹಾಕುವುದಿಲ್ಲ. ಇದೇ ನಮ್ಮ ಸ್ಟ್ರಾಟಜಿ. ಕಡ್ಡಿ, ಮುದಿ ಎಲೆ, ಚಿಗುರು ಎಲ್ಲವೂ ಒಂದೇ ರೋಲರಿಗೆ ಬೀಳುತ್ತವೆ. ಪುಡಿ ಹೇಗಿರುತ್ತದೆಂದು ಕೇಳಬೇಡಿ.

ಹದಿನೆಂಟನೆಯದು: ‘ಹಿಂದೆ ಸ್ಮಾರ್ಟ್ ಯಂತ್ರ ಅಳವಡಿಸಿದ್ದೀರಾ?’ ಅಳವಡಿಸಿದ್ದೇವೆ. ಎಲೆ ಬಾಡಿಸುವ ತೊಟ್ಟಿಗೆ ತೇವ ಅಳೆಯುವ ಮೀಟರು. ಮೀಟರು ಸಾಕು ಎಂದಾಗ ಫ್ಯಾನ್ ನಿಲ್ಲಿಸಬೇಕೋ, ಮೇಸ್ತ್ರಿ ಮೂಸಿ ಸಾಕು ಎಂದಾಗ ನಿಲ್ಲಿಸಬೇಕೋ, ಬೋರ್ಡು ತೀರ್ಮಾನಿಸಲಿಲ್ಲ. ಮೀಟರಿಗೆ ಪ್ಲಾಸ್ಟಿಕ್ ಹೊದಿಸಿದ್ದೇವೆ. ಆಯುಧಪೂಜೆಗೆ ತೆಗೆದು ಹಾರ ಹಾಕಿ ಮತ್ತೆ ಹೊದಿಸುತ್ತೇವೆ.

ಈಗ ಕಷ್ಟದ ವಿಷಯ. ಕೊಚ್ಚಿಯ ವ್ಯಾಪಾರಿಯೊಬ್ಬರು ಎಳೆ ಚಿಗುರಿನ ಟೀ ಮಾಡಿಕೊಟ್ಟರೆ ಮೂರು ವರ್ಷ ಕೊಳ್ಳುತ್ತೇವೆ ಎಂದಿದ್ದಾರೆ; ಆದರೆ ಎಲೆಯ ದರ್ಜೆಗೆ ಪುರಾವೆ ಬೇಕಂತೆ. ಅದಕ್ಕೇ ಎಲೆ ನೋಡಿ ದರ್ಜೆ ಹೇಳುವ ನಿಮ್ಮ ಕಂಪನಿಯ ಕ್ಯಾಮೆರಾ. ಫೆಬ್ರವರಿ ಎರಡರಂದು ಸರ್ವಸದಸ್ಯರ ಸಭೆ. ಅಂದು ಕ್ಯಾಮೆರಾ ಬೇಡವೆಂದಾದರೆ ದಿನೇಶ್‌ಕುಮಾರ್ ಫ್ಯಾಕ್ಟರಿಯನ್ನು ಲೀಸಿಗೆ ತೆಗೆದುಕೊಳ್ಳುತ್ತಾನೆ. ಅವನು ಬೆಳೆಗಾರರಿಂದ ಎಲೆ ಕೊಂಡು ಮಾರುವ ಏಜೆಂಟ್, ಬೋರ್ಡಿನಲ್ಲೂ ಇದ್ದಾನೆ, ಅರ್ಧ ಬೋರ್ಡು ಅವನ ಕಡೆ. ಆಮೇಲೆ ನಮ್ಮ ಫ್ಯಾಕ್ಟರಿಯ ಗೇಟಿನಲ್ಲಿ ನಾವೇ ಚೀಲ ಹಿಡಿದು ನಿಲ್ಲಬೇಕು. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಬೇಗ ಕಳಿಸಿ.

ಸುರೇಂದ್ರನ್

*

ಮೈಸೂರು
೧೭ ಅಕ್ಟೋಬರ್ ೨೦೨೪

ಮಾನ್ಯ ಸುರೇಂದ್ರನ್ ಅವರೇ,

ನಲವತ್ತೆರಡು ಪ್ರಶ್ನೆಗಳಿಗೆ ಇಷ್ಟು ಉದ್ದದ ಉತ್ತರ ಬೇರೆ ಯಾವ ಫ್ಯಾಕ್ಟರಿಯಿಂದಲೂ ಬಂದಿಲ್ಲ. ಹನ್ನೊಂದನೆಯ ಉತ್ತರವನ್ನು ನಮ್ಮ ಮ್ಯಾನೇಜರಿಗೆ ಓದಿ ಹೇಳಿದೆ. ಅವರು ನಕ್ಕರು, ಆಮೇಲೆ ನಗಲಿಲ್ಲ.

ಕ್ಯಾಮೆರಾ ಬಂದು ಕೂತಿದೆಯೆಂದು ತಿಳಿಯಿತು. ಪ್ರತಿ ಮನೆಯ ಚೀಲ ಬೆಲ್ಟಿನ ಮೇಲೆ ಸುರಿದಾಗ ಅದು ಚಿತ್ರ ತೆಗೆದು, ನೂರರಲ್ಲಿ ಎಷ್ಟು ಪಾಲು ಎರಡೆಲೆ ಒಂದು ಕುಡಿ ಎಂದು ಆ ಮನೆಯ ಕಾರ್ಡ್ ನಂಬರಿನ ಮುಂದೆ ತೋರಿಸುತ್ತದೆ. ಫೆಬ್ರವರಿವರೆಗೆ ಪ್ರಯೋಗ. ಸಭೆ ಒಪ್ಪಿದರೆ ಕಾರ್ಡಿನ ದರ್ಜೆ ನೋಡಿ ಎಲೆಯ ದರ.

ನಾನೂ ಅಂಚೆಯಲ್ಲೇ ಬರೆಯುತ್ತೇನೆ. ಕಂಪನಿಯ ಮೇಲ್‌ನಲ್ಲಿ ಬರೆದದ್ದೆಲ್ಲ ದಾಖಲೆಯಾಗಿ, ನಿಮ್ಮ ಬೋರ್ಡಿಗೂ ಒಂದು ಪ್ರತಿ ಹೋಗುತ್ತದೆ. ಕಾಗದದಲ್ಲಿ ನಿಮಗೆ ಅನ್ನಿಸಿದ್ದನ್ನು ಬರೆಯಿರಿ.

ಗಾಯತ್ರಿ

*

ಮೇಲ್ಹೊರೆ ಹಟ್ಟಿ
೨೦ ನವೆಂಬರ್ ೨೦೨೪

ಗಾಯತ್ರಿ ಮೇಡಂ,

ಬರೆಯಬಾರದು ಎಂದುಕೊಂಡೆ, ಬಡಾಯಿ ಆಗುತ್ತದೆ. ಆದರೂ ಬರೆಯುತ್ತೇನೆ. ನಿಮ್ಮ ಕ್ಯಾಮೆರಾ ಒಂಬತ್ತು ಹಟ್ಟಿಯ ನಾನೂರು ಕಾರ್ಡುಗಳನ್ನು ನೋಡಿ ಮೊದಲ ಸ್ಥಾನ ಯಾರಿಗೆ ಕೊಟ್ಟಿದೆ ಗೊತ್ತೇ? ಕಾರ್ಡ್ ನಂಬರ್ ನೂರ ಹದಿನೆಂಟು. ಎಪ್ಪತ್ತೊಂದು. ಅದು ನನ್ನದು.

ರಂಗಿ ಇದ್ದಾಗ ಹೊಲಕ್ಕೆ ಅವಳೇ ಇಳಿಯುತ್ತಿದ್ದಳು. ನಾನು ಸಭೆ, ಬೋರ್ಡು, ಊಟಿ ಎಂದು ತಿರುಗುತ್ತಿದ್ದೆ. ಅವಳು ಹೋದ ಮೇಲೆ ನಾನೇ ಎಲೆ ತೆಗೆಯುತ್ತಿದ್ದೇನೆ. ಬೆರಳು ನೋಯುತ್ತದೆಂದು ಕತ್ತರಿ ಉಪಯೋಗಿಸುತ್ತೇನೆ. ಕತ್ತರಿಗೆ ಕಡ್ಡಿ ಬರುತ್ತದೆಂದು ಎಲ್ಲರೂ ಹೇಳುತ್ತಿದ್ದರು. ಎಪ್ಪತ್ತೊಂದು ನೋಡಿ ಈಗ ಯಾರೂ ಮಾತಾಡುವುದಿಲ್ಲ. ನಮ್ಮ ಹಟ್ಟಿಯ ಹೆಂಗಸರು ಬಾಯಿಗೆ ಸೆರಗು ಹಿಡಿದುಕೊಂಡು ಸುಮ್ಮನಿದ್ದಾರೆ. ಹೊಟ್ಟೆಕಿಚ್ಚು ಇರಬಹುದು. ಅವರದೆಲ್ಲ ಐವತ್ತೆಂಟು, ಅರವತ್ತರ ಆಸುಪಾಸು.

ಬೋರ್ಡಿನಲ್ಲಿ ಹೇಳಿದೆ: ಅರವಂಕಾಡು ಸಿಡಿಮದ್ದಿನ ಫ್ಯಾಕ್ಟರಿಯಲ್ಲಿ ಗೇಟಿನೊಳಗೆ ಬೆಂಕಿಪೆಟ್ಟಿಗೆ ಒಯ್ದವನು ಡೈರೆಕ್ಟರಾದರೂ ಬಿಡುವುದಿಲ್ಲ, ನಿಯಮ ಎಂದರೆ ಅದು. ತೆಪ್ಪಕಾಡಿನ ಶಿಬಿರದಲ್ಲಿ ಆನೆಗೂ ಹೆಸರು ಬರೆದ ಪಟ್ಟಿ ನೋಡಿ ಮುದ್ದೆ ಕೊಡುತ್ತಾರೆ. ನಾವು ಮನುಷ್ಯರು ಕಾರ್ಡಿಗೆ ಹೆದರುವುದೇಕೆ? ದಿನೇಶ್‌ಕುಮಾರ್ ಅಂದ: ‘ಅಣ್ಣ, ಆನೆ ಓಟು ಹಾಕೋದಿಲ್ಲೆ.’ ಎಲ್ಲರೂ ನಕ್ಕರು. ನಗಲಿ. ಸಭೆಯಲ್ಲಿ ನನ್ನ ಕಾರ್ಡನ್ನೇ ಎತ್ತಿ ತೋರಿಸುತ್ತೇನೆ.

ಸುರೇಂದ್ರನ್

*

ಮೈಸೂರು
೧೨ ಡಿಸೆಂಬರ್ ೨೦೨೪

ಮಾನ್ಯ ಸುರೇಂದ್ರನ್ ಅವರೇ,

ಕೆಲವು ವಿವರ ಬೇಕಿತ್ತು. ಹೊಲದಿಂದ ಫ್ಯಾಕ್ಟರಿವರೆಗೆ ನಿಮ್ಮ ಚೀಲ ಯಾರ ಯಾರ ಕೈ ದಾಟುತ್ತದೆ? ಬಾಯಿ ಕಟ್ಟುವವರು ಯಾರು? ನಿಮ್ಮ ಹೊಲದಲ್ಲಿ ಹಳೆ ಬೀಜದ ಗಿಡ ಬಿಟ್ಟು ಬೇರೆ ತಳಿ ಒಂದಾದರೂ ಇದೆಯೇ? ಡೈರೆಕ್ಟರ್ ಎಂದು ಹಟ್ಟಿಯಲ್ಲಿ ಯಾರಾದರೂ ನಿಮಗೆ ಹೆದರುತ್ತಾರೆಯೇ?

ಸುಮ್ಮನೆ ಕೇಳುತ್ತಿದ್ದೇನೆ. ಚಳಿ ಹೇಗಿದೆ?

ಗಾಯತ್ರಿ

*

ಮೇಲ್ಹೊರೆ ಹಟ್ಟಿ
೧೯ ಡಿಸೆಂಬರ್ ೨೦೨೪

ಗಾಯತ್ರಿ ಮೇಡಂ,

ನನ್ನ ವಿಧಾನ ತಿಳಿದು ಬೇರೆಯವರಿಗೆ ಕಲಿಸಬೇಕೆಂದಿದ್ದೀರಿ, ಅರ್ಥವಾಯಿತು. ಸಂತೋಷ. ಬರೆದುಕೊಳ್ಳಿ.

ಬೆಳಿಗ್ಗೆ ಎಂಟಕ್ಕೆ ಮಂಜು ಆರಿದ ಮೇಲೆ ಹೊಲಕ್ಕೆ ಇಳಿಯುತ್ತೇನೆ. ಒಂದು ಗಂಟೆಗೆ ಚೀಲವನ್ನು ಹಟ್ಟಿಯ ಎಲೆ ಶೆಡ್ಡಿನಲ್ಲಿ ಇಟ್ಟು, ಬಸ್ಸು ಹತ್ತಿ ಫ್ಯಾಕ್ಟರಿಗೆ ಹೋಗುತ್ತೇನೆ. ಒಂದೂವರೆಗೆ ವ್ಯಾನು ಬಂದು ಶೆಡ್ಡಿನಿಂದ ಎಲ್ಲರ ಚೀಲ ಎತ್ತಿಕೊಂಡು ಬರುತ್ತದೆ. ಬಾಯಿ ಕಟ್ಟುವುದು ಅಲ್ಲಿರುವ ಹೆಂಗಸರು, ಪಕ್ಕದ ಮನೆ ಸರಣ್ಯಾ ಮತ್ತು ಇತರರು, ಹದಿನಾಲ್ಕು ಜನ. ಬೇರೆ ತಳಿ ಒಂದೂ ಇಲ್ಲ. ನಮ್ಮಪ್ಪ ನೆಟ್ಟದ್ದು, ಸಣ್ಣ ಎಲೆ, ಕಪ್ಪು ಹಸಿರು.

ಹೆದರುವುದಾ? ಗೌರವ ಇದೆ. ಹೆಂಡತಿ ಸತ್ತ ಮನೆಯ ಚೀಲದ ಬಾಯಿಗೆ ಹಟ್ಟಿಯ ಹೆಂಗಸರು ಒಂದು ವರ್ಷ ಒಂದೊಂದು ಹಿಡಿ ಎಲೆ ಹಾಕುವ ಪದ್ಧತಿ ನಮ್ಮ ಹಟ್ಟಿಯಲ್ಲಿದೆ, ಬಾಯೆಲೆ ಎನ್ನುತ್ತೇವೆ. ನನಗೂ ಹಾಕಿದರು. ವರ್ಷ ತುಂಬಿದ ಮೇಲೆ ನಿಂತಿತು. ಈಗಿನದೆಲ್ಲ ನನ್ನದೇ ಕೈ.

ಬೆಳಿಗ್ಗೆ ಹುಲ್ಲಿನ ಮೇಲೆ ಬಿಳಿ ಹಾಸಿರುತ್ತದೆ. ಹಿಮಕ್ಕೆ ಎಲೆ ಸುಡುತ್ತಿದೆ. ಅದೊಂದೇ ಯೋಚನೆ.

ಸುರೇಂದ್ರನ್

*

ಮೈಸೂರು
೩೦ ಡಿಸೆಂಬರ್ ೨೦೨೪

ಮಾನ್ಯರೇ,

ಸುತ್ತಿ ಬಳಸಿ ಕೇಳಿದ್ದು ನನ್ನ ತಪ್ಪು. ನೇರವಾಗಿ ಬರೆಯುತ್ತೇನೆ.

ನಿಮ್ಮ ಹೊಲದಲ್ಲಿ ಒಂದೇ ತಳಿ. ನಿಮ್ಮ ಚೀಲದಿಂದ ಬೀಳುವುದು ನಾಲ್ಕು ತಳಿಯ ಎಲೆ, ಪದರ ಪದರವಾಗಿ, ಎಲ್ಲವೂ ಕೈಯಲ್ಲಿ ಚಿವುಟಿದ್ದು. ಕತ್ತರಿಯ ಗುರುತಿರುವ ಎಲೆ ಒಂದೂ ಇಲ್ಲ. ಅದೇ ದಿನ ನಿಮ್ಮ ಹಟ್ಟಿಯ ಬೇರೆ ಹದಿನಾಲ್ಕು ಕಾರ್ಡುಗಳಲ್ಲಿ ಸಣ್ಣ, ಕಪ್ಪು ಹಸಿರು, ಕತ್ತರಿಸಿದ ಕಡ್ಡಿ ಎಲೆ ಸಿಗುತ್ತದೆ, ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ ಅಳತೆ. ಎರಡೂವರೆ ತಿಂಗಳಲ್ಲಿ ಒಂದು ದಿನವೂ ತಪ್ಪಿಲ್ಲ.

ಒಬ್ಬ ಡೈರೆಕ್ಟರ್ ಹದಿನಾಲ್ಕು ಹೆಂಗಸರ ಒಳ್ಳೆಯ ಎಲೆ ತೆಗೆದುಕೊಂಡು ತನ್ನ ಕಡ್ಡಿಯನ್ನು ಅವರ ಚೀಲಕ್ಕೆ ತುಂಬಿಸುತ್ತಿದ್ದರೆ ಚಿತ್ರ ಹೀಗೇ ಕಾಣುತ್ತದೆ. ನೀವು ಅಂಥವರು ಎಂದು ನಂಬಲು ನನಗೆ ಮನಸ್ಸಿಲ್ಲ. ಆದರೆ ಬೇರೆ ಕಾರಣ ನನಗೆ ಹೊಳೆಯುತ್ತಿಲ್ಲ. ದಯವಿಟ್ಟು ಸಭೆಯಲ್ಲಿ ಆ ಕಾರ್ಡನ್ನು ಎತ್ತಿ ತೋರಿಸಬೇಡಿ.

ಗಾಯತ್ರಿ

*

ಮೇಲ್ಹೊರೆ ಹಟ್ಟಿ
೪ ಜನವರಿ ೨೦೨೫

ಮೇಡಂ,

ನಿಮ್ಮ ಯಂತ್ರಕ್ಕೆ ಕಣ್ಣು ಇದೆ, ತಲೆ ಇಲ್ಲ. ನಿಮಗೆ ಎರಡೂ ಇದ್ದವೆಂದುಕೊಂಡಿದ್ದೆ. ಇನ್ನು ಬರೆಯುವುದು ಬೇಡ.

ಸುರೇಂದ್ರನ್

*

ಮೇಲ್ಹೊರೆ ಹಟ್ಟಿ
೨೭ ಜನವರಿ ೨೦೨೫

ಗಾಯತ್ರಿ ಮೇಡಂ,

ಬರೆಯುವುದು ಬೇಡ ಎಂದವನೇ ಬರೆಯುತ್ತಿದ್ದೇನೆ. ಮೂರು ವಾರ ನಿಮ್ಮ ಕಾಗದವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಫ್ಯಾಕ್ಟರಿಯಲ್ಲಿ ಕ್ಯಾಮೆರಾದ ಪರದೆಯ ಮೇಲೆ ಎಪ್ಪತ್ತೆರಡು ಎಂದು ಬಂದ ದಿನ ಮೊದಲ ಸಲ ನನಗೆ ಸಂತೋಷವಾಗಲಿಲ್ಲ. ಆ ದಿನ ನನ್ನ ಹೊಲದಲ್ಲಿ ಅರ್ಧ ಎಲೆ ಹಿಮಕ್ಕೆ ಸುಟ್ಟಿತ್ತು. ಕಂದು ಬಣ್ಣದ ಎಲೆಯನ್ನೇ ಚೀಲಕ್ಕೆ ಹಾಕಿದ್ದೆ. ಎಪ್ಪತ್ತೆರಡು ಎಲ್ಲಿಂದ ಬರಬೇಕು?

ಶುಕ್ರವಾರ ಚೀಲ ಇಟ್ಟು ಬಸ್ಸು ಹತ್ತಿದೆ. ಮೊದಲ ತಿರುವಿನಲ್ಲಿ ಇಳಿದು ನಡೆದು ಬಂದೆ. ಶೆಡ್ಡಿನ ನೆಲದ ಮೇಲೆ ಹಳೆ ಸೀರೆ ಹಾಸಿ ನನ್ನ ಚೀಲವನ್ನು ಬೋರಲು ಹಾಕಿದ್ದರು. ಹದಿನಾಲ್ಕು ಜನ ಸುತ್ತ ಕೂತು, ನನ್ನ ಎಲೆಯನ್ನು ಪಾಲು ಮಾಡಿ ತಮ್ಮ ತಮ್ಮ ಚೀಲದ ತಳಕ್ಕೆ ತಳ್ಳಿ, ತಮ್ಮ ಎಲೆಯನ್ನು ಬೊಗಸೆ ಬೊಗಸೆಯಾಗಿ ನನ್ನ ಚೀಲಕ್ಕೆ ಹಾಕುತ್ತಿದ್ದರು. ದಿನವೂ ಮಾಡಿ ಕೈಗೆ ಅಭ್ಯಾಸವಾದ ಕೆಲಸ, ನೋಡಿದರೆ ತಿಳಿಯುತ್ತದೆ.

ನಮ್ಮ ಮಾತನ್ನು ಪೂರಾ ನಮ್ಮಂತೆ ಬರೆದರೆ ನಿಮಗೆ ತಿಳಿಯದು; ಅರ್ಧ ನಿಮ್ಮ ಕನ್ನಡ ಮಾಡಿದ್ದೇನೆ.

‘ಮಾಮ, ಬಸ್ಸು ಸಿಗಲಿಲ್ಲೆಯಾ?’ ಅಂದಳು ಸರಣ್ಯಾ. ಕೈ ನಿಲ್ಲಿಸಲಿಲ್ಲ.

‘ಅದು ನನ್ನ ಚೀಲ.’

‘ಚೀಲ ನಿಂಗದ್ದೆ. ಯಾರು ಇಲ್ಲೆ ಅಂದರು?’

‘ಎಲೆ?’

ಮೂಲೆಯಲ್ಲಿದ್ದ ಮುದುಕಿಯೊಬ್ಬಳು ಅಂದಳು: ‘ನಿಂಗ ತರೋದು ಎಲೆಯಾ? ಬೇಲಿಗೆ ಕಟ್ಟಬಹುದು, ಅಷ್ಟೇ.’ ಎಲ್ಲರೂ ನಕ್ಕರು. ಎರಡು ವರ್ಷ ತಡೆದಿಟ್ಟ ನಗು.

‘ಬಾಯೆಲೆ ವರ್ಷಕ್ಕೆ ಮುಗೀತಲ್ಲ’ ಅಂದೆ.

ಆಗ ಸರಣ್ಯಾ ಕೈ ಒರೆಸಿಕೊಂಡಳು. ‘ರಂಗಿ ಅಕ್ಕ ವರ್ಷ ಅಂತ ಹೇಳಲಿಲ್ಲೆ, ಮಾಮ. ಊಟಿ ಆಸ್ಪತ್ರೆಯಲ್ಲಿ ಎನ್ನ ಕೈ ಹಿಡಿದು ಹೇಳಿದ್ದು ಒಂದೇ. ಅವರ ಎಲೆ ಕೆಟ್ಟದು ಅಂತ ಅವರಿಗೆ ತಿಳೀಬಾರದು. ತಿಳಿದರೆ ಯಾರ ಹತ್ತಿರವೂ ಹೇಳಲ್ಲ, ಹೊಲಕ್ಕೆ ಇಳಿಯೋದು ಬಿಟ್ಟು ಮನೆ ಒಳಗೆ ಕೂತುಬಿಡ್ತಾರೆ. ಅಷ್ಟೇ ಹೇಳಿದ್ದು. ಎಂಗ ಒಪ್ಪಿದೆವು.’

‘ಕೈಯಲ್ಲಿ ಚಿವುಟಿದ ನಿಮ್ಮ ಎಲೆಯ ದರ್ಜೆ ಇಳಿಯುತ್ತಿದೆಯಲ್ಲ, ಫೆಬ್ರವರಿಯಿಂದ ಕಾರ್ಡು ನೋಡಿ ದರ ಎಂದರೆ ನಿಮ್ಮ ಹದಿನಾಲ್ಕು ಮನೆಗೂ ಪೆಟ್ಟು’ ಎಂದೆ. ‘ಗೊತ್ತು. ನಂಬರು ಓದೋಕೆ ಬರ್ತದೆ ಎಂಗಕ್ಕೂ’ ಅಂದಳು. ‘ನಿಂಗ ಸಭೆಯಲ್ಲಿ ಕಾರ್ಡು ಎತ್ತಿ ಹಿಡೀತೀರಿ ಅಂತ ಎಲ್ಲರಿಗೂ ಹೇಳಿದಿರಿ. ಅದಾಗಲಿ, ಆಮೇಲೆ ನೋಡೋಣ ಅಂತ ಇದ್ದೆವು.’

ಮೇಡಂ, ಆ ನಿಯಮ ತರುತ್ತಿರುವವನು ನಾನು. ಅವರ ಕತ್ತಿಗೆ ಹಗ್ಗ ನಾನು ಹೊಸೆಯುತ್ತಿದ್ದೆ, ಅವರು ನನ್ನ ಚೀಲ ತುಂಬುತ್ತಿದ್ದರು. ಈಗ ನಿಯಮ ಕೈಬಿಟ್ಟರೆ ಕ್ಯಾಮೆರಾ ಹೋಗುತ್ತದೆ, ಕ್ಯಾಮೆರಾ ಹೋದರೆ ಕೊಚ್ಚಿಯವರು ಹೋಗುತ್ತಾರೆ, ಫ್ಯಾಕ್ಟರಿ ದಿನೇಶ್‌ಕುಮಾರನ ಕೈಗೆ. ಸಭೆಗೆ ಆರು ದಿನ. ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ ನಡೆಯುತ್ತಿದ್ದೇನೆ.

ಸುರೇಂದ್ರನ್

*

ಮೇಲ್ಹೊರೆ ಹಟ್ಟಿ
೪ ಫೆಬ್ರವರಿ ೨೦೨೫

ಗಾಯತ್ರಿ ಮೇಡಂ,

ಫ್ಯಾಕ್ಟರಿ ನಮ್ಮದೇ ಉಳಿಯಿತು. ಕ್ಯಾಮೆರಾ ಪರ ಇನ್ನೂರ ಹನ್ನೆರಡು ಓಟು, ವಿರುದ್ಧ ನೂರ ಎಂಬತ್ತೇಳು. ಕಷ್ಟದಲ್ಲಿ ಉಳಿಯಿತು.

ನಾನು ಏಳುವ ಮೊದಲೇ ದಿನೇಶ್‌ಕುಮಾರ್ ಎದ್ದ. ಕೈಯಲ್ಲಿ ಒಂದು ಕಾಗದ. ನೂರ ಹದಿನೆಂಟನೇ ಕಾರ್ಡಿನವರು ಹುದ್ದೆಯ ಬಲದಿಂದ ಹದಿನಾಲ್ಕು ಹೆಂಗಸರ ಎಲೆ ಕಿತ್ತುಕೊಳ್ಳುತ್ತಿರಬಹುದು ಎಂದು ಅದರಲ್ಲಿ ಬರೆದಿತ್ತು. ಓದಿ ಮುಗಿಸಿ, ‘ಕ್ಯಾಮೆರಾ ತಂದವರೇ ಹೀಗೆ. ಇಂಥವರ ಕೈಯಲ್ಲಿ ಫ್ಯಾಕ್ಟರಿ ಇರಬೇಕಾ?’ ಅಂದ. ಕಾಗದ ಎಲ್ಲಿಂದ ಬಂತೋ, ಕೆಳಗೆ ಯಾರ ಹೆಸರಿತ್ತೋ, ಕನ್ನಡಕ ಇಲ್ಲದೆ ನಾನು ನೋಡಲಿಲ್ಲ.

ಆರು ದಿನ ಏನು ಹೇಳಬೇಕೆಂದು ಹೊಳೆಯದೆ ನಡೆದಾಡಿದ್ದೆ. ಆ ಕ್ಷಣದಲ್ಲಿ ಬೇರೆ ಹೇಳಲು ಏನೂ ಉಳಿದಿರಲಿಲ್ಲ. ಆ ಎಲೆ ನನ್ನದಲ್ಲ ಎಂದೆ. ನನ್ನ ಎಲೆ ಕಡ್ಡಿ, ಈ ಹೆಂಗಸರು ಎರಡು ವರ್ಷದಿಂದ ನನಗೆ ಹೇಳದೆ ಬದಲಿಸುತ್ತಿದ್ದಾರೆ, ಬೇರೆಯವರ ಎಲೆಯನ್ನು ತನ್ನ ಕಾರ್ಡಿನಲ್ಲಿ ಹಾಕಿದವನು ಡೈರೆಕ್ಟರ್ ಆಗಿರಬಾರದೆಂದು ನಮ್ಮ ಬೈಲಾದಲ್ಲೇ ಇದೆ, ಆದ್ದರಿಂದ ನಾನು ಇಳಿದೆ ಎಂದೆ. ಇಂಗ್ಲಿಷಿನಲ್ಲಿ ರಿಸೈನ್ ಎಂದು ಗಟ್ಟಿಯಾಗಿ ಹೇಳಿ ಕೂತೆ.

ಆಮೇಲೆ ಹೆಂಗಸರ ಕಡೆಯಿಂದ ಸರಣ್ಯಾ ಎದ್ದಳು. ‘ಹೆದರಿಸೋದಾ? ಇವರಾ?’ ಅಂದಳು. ‘ಹೊಲದಲ್ಲಿ ಕಾಡೆಮ್ಮೆ ಕಂಡರೆ ಎಂಗಳ ಹಿಂದೆ ಬಂದು ನಿಲ್ತಾರೆ ಇವರು.’ ಸಭೆಯೆಲ್ಲ ನಕ್ಕಿತು. ನಗು ನಿಲ್ಲುವ ಮೊದಲೇ ಅವಳು ಮುಂದುವರಿಸಿದಳು. ‘ಯಂತ್ರ ಇರಲಿ. ಮನೆಗೊಂದು ನಂಬರು ಬೇಡ, ಹಟ್ಟಿಗೊಂದು ನಂಬರು ಕೊಡಲಿ. ಯಾರ ಎಲೆ ಕೆಟ್ಟಿದೆ, ಯಾಕೆ ಕೆಟ್ಟಿದೆ, ಎಂಗ ಶೆಡ್ಡಿನಲ್ಲೇ ಆರಿಸಿ ನೋಡ್ಕೊಳ್ತೇವೆ. ಕೊಚ್ಚಿಯವರಿಗೆ ಮಾಮನ ಹೆಸರು ಬೇಕಾ, ಒಳ್ಳೆ ಎಲೆ ಬೇಕಾ?’

ಕೊಚ್ಚಿಯವರನ್ನು ಅಲ್ಲಿಂದಲೇ ಫೋನಿನಲ್ಲಿ ಕೇಳಿದರು. ಹಟ್ಟಿಯ ದರ್ಜೆ ಸಾಕು ಎಂದರು. ನಮ್ಮ ಹಟ್ಟಿಗೆ ಈಗ ಸರಣ್ಯಾ ಡೈರೆಕ್ಟರ್.

ನಿಮಗೆ ಬಂದ ಅನುಮಾನವನ್ನು ಯಾರಿಗೂ ಹೇಳದೆ ನನಗೊಬ್ಬನಿಗೇ ಬರೆದಿರಿ. ಅದಕ್ಕೆ ಥ್ಯಾಂಕ್ಸ್ ಹೇಳಲು ಈ ಕಾಗದ.

ಸುರೇಂದ್ರನ್

*

ಮೈಸೂರು
೧೪ ಫೆಬ್ರವರಿ ೨೦೨೫

ಮಾನ್ಯ ಸುರೇಂದ್ರನ್ ಅವರೇ,

ನಿಮ್ಮ ಥ್ಯಾಂಕ್ಸ್ ನನ್ನ ಮೇಜಿನ ಮೇಲೆ ನಾಲ್ಕು ದಿನದಿಂದ ಇದೆ. ತೆಗೆದುಕೊಳ್ಳಲಾಗುತ್ತಿಲ್ಲ.

ದಿನೇಶ್‌ಕುಮಾರ್ ಓದಿದ ಕಾಗದ ನಾನು ಬರೆದದ್ದು. ಡಿಸೆಂಬರ್ ಒಂಬತ್ತರಂದು, ನಿಮ್ಮನ್ನು ಒಂದು ಮಾತೂ ಕೇಳುವ ಮೊದಲು, ಕಂಪನಿಯ ಮೇಲ್‌ನಲ್ಲಿ ವರದಿ ಹಾಕಿದೆ. ಅದರ ಪ್ರತಿ ನಿಮ್ಮ ಬೋರ್ಡಿಗೆ ಹೋಗುತ್ತದೆಂದು ತಿಳಿದೇ ಹಾಕಿದೆ. ಮೂರು ದಿನದ ನಂತರ ಚಳಿ ಹೇಗಿದೆ ಎಂದು ನಿಮಗೆ ಬರೆದೆ. ಅಂಕಿಗಳು ಅಷ್ಟು ಸ್ಪಷ್ಟವಾಗಿದ್ದವು. ಹೆಂಗಸರು ತಾವಾಗಿಯೇ ಹೀಗೆ ಮಾಡಬಹುದೆಂದು ನನಗೆ ತೋರಲೇ ಇಲ್ಲ. ನೀವು ಬಾಯೆಲೆಯ ಬಗ್ಗೆ ಬರೆದ ಮೇಲೂ ತೋರಲಿಲ್ಲ.

ನಮ್ಮ ಕಂಪನಿ ಈ ಯಂತ್ರ ಮಾಡಿದ್ದೇ ಮನೆಮನೆಯ ಲೆಕ್ಕಕ್ಕಾಗಿ. ಹಟ್ಟಿಗೊಂದು ನಂಬರು ಎಂದಾಗ ಮ್ಯಾನೇಜರ್ ಮೊದಲು ಆಗದು ಎಂದರು. ಬೇರೆ ಆರು ಫ್ಯಾಕ್ಟರಿಗಳಲ್ಲಿ ಇದೇ ಕ್ಯಾಮೆರಾ ಬಟ್ಟೆ ಹೊದ್ದು ಕೂತಿದೆ, ಓಡುತ್ತಿರುವುದು ನಿಮ್ಮಲ್ಲಿ ಮಾತ್ರ ಎಂದು ತೋರಿಸಿದೆ. ಒಪ್ಪಿದರು. ಬದಲಾವಣೆ ಮಾಡಲು ಯಾರನ್ನಾದರೂ ಕಳಿಸುತ್ತಾರೆ. ನಾನು ಬೇರೆ ಕೆಲಸ ಕೇಳಿಕೊಂಡಿದ್ದೇನೆ.

ಗಾಯತ್ರಿ

*

ಮೇಲ್ಹೊರೆ ಹಟ್ಟಿ
೨೨ ಫೆಬ್ರವರಿ ೨೦೨೫

ಗಾಯತ್ರಿ ಮೇಡಂ,

ಸಭೆಯ ದಿನ ಕನ್ನಡಕ ನನ್ನ ಮೂಗಿನ ಮೇಲೇ ಇತ್ತು. ಆ ಕಾಗದ ಕೈಯಿಂದ ಕೈಗೆ ದಾಟಿ ನನ್ನವರೆಗೂ ಬಂತು; ಹೆಸರೂ ಓದಿದೆ, ತಾರೀಖೂ ಓದಿದೆ. ಓದಿಯೇ ಆ ಥ್ಯಾಂಕ್ಸ್ ಬರೆದೆ. ನೀವಾಗಿ ಹೇಳುತ್ತೀರೋ ಇಲ್ಲವೋ ನೋಡಬೇಕೆನಿಸಿತು. ಎರಡು ವಾರ ಅಂಚೆಯವನ ದಾರಿ ಕಾದೆ. ಹೇಳಿದಿರಿ. ಒಳ್ಳೆಯದು. ಪೂರಾ ಸಮಾಧಾನವಾಯಿತೆಂದು ಬರೆದರೆ ಸುಳ್ಳಾಗುತ್ತದೆ.

ಇಲ್ಲಿ ಕೆಲಸ ಬದಲಾಗಿದೆ. ನಾನು ಹೊಲಕ್ಕೆ ಇಳಿಯುವುದು ಬೇಡವೆಂದು ಸರಣ್ಯಾ ಆರ್ಡರ್ ಮಾಡಿದ್ದಾಳೆ. ನನ್ನ ಎಕರೆಯನ್ನು ವಾರಕ್ಕೊಮ್ಮೆ ಅವರೇ ಚಿವುಟುತ್ತಾರೆ. ನಾನು ಹನ್ನೊಂದಕ್ಕೆ ಶೆಡ್ಡಿಗೆ ಹೋಗಿ, ಹದಿನೈದು ಮನೆಯ ಎಲೆ ಜಾಲರಿಯ ಮೇಲೆ ಹರಡಿ ಕಡ್ಡಿ ಆರಿಸಬೇಕು. ಮೊದಲ ದಿನ ಅವಮಾನವಾಗಿ ಮನೆಯಲ್ಲೇ ಉಳಿದೆ. ಸರಣ್ಯಾ ಬಾಗಿಲಿಗೆ ಬಂದು, ‘ಮಾಮ, ವ್ಯಾನು ನಿಮ್ಮ ದುಃಖ ಮುಗೀಲಿ ಅಂತ ನಿಲ್ಲೋದಿಲ್ಲೆ’ ಎಂದು ಹೇಳಿ ಹೋದಳು. ಹೋದೆ. ದಿನವೂ ಹೋಗುತ್ತಿದ್ದೇನೆ. ಕಡ್ಡಿ ಯಾವುದೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರೂ ಇಲ್ಲವೆಂದು ಹಟ್ಟಿಯ ಅಭಿಪ್ರಾಯ.

ಯಂತ್ರ ಬದಲಿಸಲು ಬೇರೆ ಯಾರೂ ಬರುವುದು ಬೇಡ. ನೀವೇ ಬರಬೇಕೆಂದು ಡೈರೆಕ್ಟರ್ ಹೇಳಿದ್ದಾಳೆ. ಬರೆಯುವ ಕೆಲಸ ಮಾತ್ರ ನನ್ನದು. ವರದಿಯಲ್ಲಿ ತಮ್ಮನ್ನು ಹೆದರಿದವರು ಎಂದು ಬರೆದದ್ದು ಯಾಕೆ ಎಂದು ಹದಿನಾಲ್ಕು ಜನಕ್ಕೂ ನಿಮ್ಮನ್ನು ಕೇಳಬೇಕಿದೆ. ಗೂಡಲೂರು ಮೇಲೆ ಬರುವ ಬೆಳಗಿನ ಬಸ್ಸು ಹತ್ತಿ, ಊಟಿಯಲ್ಲಿ ಎಮರಾಲ್ಡ್ ಬಸ್ಸು ಹಿಡಿಯಿರಿ. ಫ್ಯಾಕ್ಟರಿಗೆ ಆಮೇಲೆ ಹೋಗಬಹುದು. ಮೊದಲು ಶೆಡ್ಡಿಗೆ ಬನ್ನಿ.

ನಾನು ಅಲ್ಲೇ ಇರುತ್ತೇನೆ. ನಿಮ್ಮ ಪರವಾಗಿ ಮಾತಾಡುವುದಿಲ್ಲ. ಶೆಡ್ಡಿನಲ್ಲಿ ಒಂದೇ ಸ್ಟೂಲ್ ಇದೆ, ನಾನು ಕೂರುವುದು. ಅದನ್ನು ನಿಮಗೆ ಬಿಡುತ್ತೇನೆ.

ಸುರೇಂದ್ರನ್